ಮಗ್ಗದ ಮೇಲಿನ ಉಳ್ಳಾಗಡ್ಡಿ

ಮನೆಮನೆಯ ಮಗ್ಗ ನೋಡಿ ಫಾರ್ಮು ತುಂಬುವ ಕೆಲಸದ ಮೇಲೆ ಇಳಕಲ್ಲಿಗೆ ಹೋಗಿದ್ದೆ. ನೇಯ್ಗೆ ನಡೆದಿದ್ದರೆ ‘ಚಾಲೂ’ ಎಂದು ಬರೆಯಬೇಕು, ಇಲ್ಲದಿದ್ದರೆ ‘ಬಂದ್’. ಬಂದ್ ಎಂದರೆ ಆ ಮನೆಯ ಹೆಸರು ಸರ್ಕಾರಿ ಸಹಾಯದ ಪಟ್ಟಿಯಿಂದ ಹೋದಂತೆಯೇ.

ಒಂದು ಮನೆಯಲ್ಲಿ ಮಗ್ಗದ ತುಂಬ ಸೀರೆಯ ಬದಲು ಸಣ್ಣ ಉಳ್ಳಾಗಡ್ಡಿಯ ಗೊಂಚಲುಗಳು ತೂಗುತ್ತಿದ್ದವು. ನೇಯುವ ಅಜ್ಜಿ ಹಿತ್ತಲಿನಿಂದ ಇನ್ನೊಂದು ಬುಟ್ಟಿ ಕಿತ್ತು ತಂದಳು.

“ಮಗ್ಗ ಬಂದ್ ಆತೇನ್ ಯವ್ವಾ?” ಎಂದೆ.

“ಯಾರ್ ಹೇಳಿದ್ರಿ ನಿಮಗ? ಮೊನ್ನೆನ ಸೀರಿ ನೇದು ಇಳಿಸೇನಿ. ಇದಕ್ಕ ಬಿಸಲು ಬಡೀಬಾರದು, ಗಾಳಿ ಆಡಬೇಕು. ಈ ಮನ್ಯಾಗ ಅಂಥಾ ಜಾಗಾ ಇದೊಂದ. ಇವು ಒಣಗಿದ ಮ್ಯಾಲೆ ಮುಂದಿನ ಸೀರಿ. ನಮ್ಮತ್ತಿ ಕಾಲದಿಂದ ಹಿಂಗ ಐತಿ.”

“ಆದ್ರ ರೂಲ್ಸು...”

“ಅದು ಇರ್ಲಿ, ಈ ತಪ್ಪಲ ಹಿಡೀರಿ.”

ಉಳ್ಳಾಗಡ್ಡಿಯ ಬಾಡಿದ ಎಲೆಗಳನ್ನು ಹಿಡಿದು ಕೂತೆ. ಗೊಂಚಲು ಕಟ್ಟಲು ಅಜ್ಜಿ ನೇಯ್ಗೆಯಲ್ಲಿ ಉಳಿದ ರೇಷ್ಮೆ ಎಳೆ ಕೈಗಿತ್ತಳು. ಎಳೆ ಹರಿದಾಗ ನೇಕಾರರು ಹಾಕುವ ಗಂಟನ್ನು ನನ್ನ ಬೆರಳು ತಾವಾಗಿಯೇ ಹಾಕಿದವು. ನನ್ನೂರು ಕಮತಗಿಯಲ್ಲಿ ಅವ್ವ ಹೀಗೇ ಕಟ್ಟಿ ತೂಗುಹಾಕುತ್ತಿದ್ದಳು. ಮಗ್ಗದ ಕೆಳಗೆ ಓದುತ್ತ ಕೂತ ನನ್ನ ಪಾಟಿಯ ಮೇಲೆ ಕೆಂಪು ಸಿಪ್ಪೆ ಉದುರುತ್ತಿದ್ದವು. ಆ ಮಗ್ಗ ಮಾರಿ ಎಷ್ಟೋ ವರ್ಷವಾಯಿತು.

ಅಜ್ಜಿ ಗಂಟು ಜಗ್ಗಿ ನೋಡಿದಳು. “ನೇಕಾರರ ಮನಿ ಹುಡುಗ ಏನೋ ತಮ್ಮಾ ನೀ? ಮತ್ತ ಬಂದ್ ಅಂತ ಹೆಂಗ ಕೇಳಿದಿ?”

ನಾಚಿಕೆಯಾಗಿ ‘ಚಾಲೂ’ ಎಂದೇ ಬರೆದೆ. ಮಗ್ಗದ ಮೇಲೆ ಸದ್ಯ ಏನಿದೆ ಎಂಬ ಖಾನೆಯಲ್ಲಿ ಮಾತ್ರ ಸುಳ್ಳು ಹೇಳಲಾಗಲಿಲ್ಲ, ‘ಸಣ್ಣ ಉಳ್ಳಾಗಡ್ಡಿ’ ಎಂದು ತುಂಬಿದೆ. ಆಫೀಸಿನಲ್ಲಿ ಮೂವರು ಸಹಿ ಹಾಕಿದ್ದಾರೆ. ಒಬ್ಬರೂ ಏನೂ ಕೇಳಿಲ್ಲ.