ಲ್ಯಾಪ್‌ಟಾಪ್ ಡಾಕ್ಟರು

ನ್ಯೂಜಿಲೆಂಡಿನ ಲೋವರ್ ಹಟ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಹುಬ್ಬಳ್ಳಿಯಲ್ಲಿ ಡಾಕ್ಟರಾಗಿದ್ದವರು. ಇಲ್ಲಿ ಆ ಡಿಗ್ರಿಗೆ ಮಾನ್ಯತೆ ಸಿಗಲಿಲ್ಲ; ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವ ಕೆಲಸ ಸಿಕ್ಕಿತು. ರಜೆಯ ದಿನ ಕನ್ನಡದವರ ಮನೆಗಳಿಗೆ ಹೋಗಿ, ಕಂಪನಿಯವರು ಅಪ್‌ಡೇಟ್ ನಿಲ್ಲಿಸಿದ್ದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಡುತ್ತಿದ್ದರು.

ಮೊದಲು ಎಡಗೈ ಬೆರಳನ್ನು ಲ್ಯಾಪ್‌ಟಾಪಿನ ಬೆನ್ನಿಗಿಟ್ಟು, ಅದರ ಮೇಲೆ ಬಲಗೈ ಬೆರಳಿನಿಂದ ತಟ್ಟುತ್ತಿದ್ದರು, ರೋಗಿಯ ಎದೆ ಪರೀಕ್ಷಿಸುವ ಹಾಗೆ. "ಇದಕ್ಕೇನೂ ಆಗಿಲ್ರಿ, ಗಟ್ಟಿ ಐತಿ. ಕಂಪನ್ಯಾವ್ರು ಬ್ಯಾಡಂದ್ರ ಬ್ಯಾಡನ್ಲಿ. ಲಿನಕ್ಸ್ ಹಾಕಾಕ ಯಾರ ಪರ್ಮಿಷನ್ನೂ ಬೇಕಾಗಿಲ್ಲ." ಕೊನೆಯ ಮಾತನ್ನು ಪ್ರತಿ ಮನೆಯಲ್ಲೂ ಒಂದಿಷ್ಟು ಜೋರಾಗಿಯೇ ಹೇಳುತ್ತಿದ್ದರು. ಕನ್ನಡದವರೆಲ್ಲ ಅವರನ್ನು ಲ್ಯಾಪ್‌ಟಾಪ್ ಡಾಕ್ಟರ್ ಎಂದು ಕರೆದು ನಗುತ್ತಿದ್ದರು, ಅವರು ನಗುತ್ತಿರಲಿಲ್ಲ.

ಕಳೆದ ಚಳಿಗಾಲ ಮೈಸೂರಿನಿಂದ ಬಂದಿದ್ದ ನನ್ನ ಅಮ್ಮನಿಗೆ ಕೆಮ್ಮು ಹಿಡಿದಿತ್ತು. ಡಾಕ್ಟರು ನನ್ನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಏಳುವಾಗ ಅಮ್ಮ ಅವರ ಮುಂದೆ ಕೈ ಚಾಚಿದಳು.

"ನೀವು ಡಾಕ್ಟ್ರಂತಲ್ಲ, ಒಂಚೂರು ನಾಡಿ ನೋಡ್ತೀರಾ?"

ಅವರ ಬೆರಳುಗಳು ಅಮ್ಮನ ಮಣಿಕಟ್ಟಿನವರೆಗೂ ಹೋಗಿ ನಿಂತವು. ಕೈ ಹಿಂದಕ್ಕೆಳೆದುಕೊಂಡು ಅಂಗಿಗೆ ಒರೆಸಿಕೊಂಡರು.

"ಇಲ್ಲಿ ನನಗ ಪರ್ಮಿಷನ್ ಇಲ್ರಿ, ಅಮ್ಮಾರ. ನಿಮ್ದೂ ಒಂದು ಹಳೇ ಲ್ಯಾಪ್‌ಟಾಪ್ ಇದ್ರ ಕೊಡ್ರಿ, ನೋಡ್ತೀನಿ."