ನಾಳೆ ನಿಮ್ಮನೇಲಿ ಎಂತ ವಿಶೇಷ?

“ಈಗ ಎದ್ದಿತು ನೋಡಿ, ಅದು ಚಟ್ನಿ,” ಎನ್ನುತ್ತಾರೆ ಪ್ರತಿಭಾ ನಾಯ್ಕ.

ಶಿರಸಿ ಪೇಟೆಯ ಅಂಚಿನಲ್ಲಿರುವ ಈ ಕಂಟ್ರೋಲ್ ರೂಮಿನ ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಳಗೆ ದೊಡ್ಡ ಪರದೆಯ ಮೇಲೆ ಹಸಿರು ಗೆರೆಯೊಂದು ಇಷ್ಟು ಹೊತ್ತು ಅಲುಗಾಡದೆ ಬಿದ್ದುಕೊಂಡಿತ್ತು. ಈಗ ಮೆಲ್ಲಗೆ ತಲೆ ಎತ್ತುತ್ತಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ದೋಸೆಗೆ ಕಾವಲಿ ಇಟ್ಟಿದ್ದಾರೆ, ಮಿಕ್ಸಿಯಲ್ಲಿ ಕಾಯಿ ತಿರುಗುತ್ತಿದೆ. ಸ್ವಿಚ್ ಹಾಕಿದರೆ ಕರೆಂಟು ಬರಬೇಕು, ಬರದಿದ್ದರೆ ಬೈಯಬೇಕು ಎಂಬಷ್ಟೇ ತಿಳಿದಿದ್ದ ನನಗೆ, ನಮ್ಮ ಮನೆಯ ಚಟ್ನಿಯನ್ನೂ ಒಬ್ಬರು ಕೂತು ಕಾಯುತ್ತಾರೆ ಎಂದು ಗೊತ್ತಾಗಿ ಒಂಥರಾ ಸಂಕೋಚವಾಯಿತು.

ಪ್ರತಿಭಾ ಬೆಣ್ಣೆಹೊಳೆ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ನೌಕರರು. ಮೂರು ತಾಲ್ಲೂಕಿನ ಒಂದಷ್ಟು ಹಳ್ಳಿಗಳಿಗೆ ಕರೆಂಟು ಹಂಚುವುದು ಸಂಘದ ಕೆಲಸ. ಸಂಘ ತಾನೇ ಕರೆಂಟು ತಯಾರಿಸುವುದಿಲ್ಲ, ಹೊರಗಿನಿಂದ ಕೊಂಡು ತರುತ್ತದೆ. ಇಷ್ಟು ವರ್ಷ ಎಲ್ಲವೂ ವರ್ಷದ ಕರಾರಿನಲ್ಲಿ ನಡೆಯುತ್ತಿತ್ತು. ಈಗ ಅದು ದಕ್ಷಿಣ ವಲಯದ ತತ್‌ಕ್ಷಣದ ವಿದ್ಯುತ್ ಮಾರುಕಟ್ಟೆಗೆ ಕಾಲಿಡಲು ಹೊರಟಿದೆ. ಹಾಗೆಂದರೇನು ಎಂದು ನಾನು ಕೇಳಿದಾಗ ಪಕ್ಕದಲ್ಲಿದ್ದ ಇಂಜಿನಿಯರ್ ಪ್ರಥಮ ಹೆಗಡೆ ಚಂದದ ಚಿತ್ರ ಬರೆದು ವಿವರಿಸಿದರು. ನನಗೆ ಅರ್ಥವಾಗಿದ್ದು ಪ್ರತಿಭಾ ಹೇಳಿದ ಮೇಲೆ.

“ಸಂತೆ ಇದ್ದ ಹಾಗೆ. ಆದ್ರೆ ಈ ಸಂತೆ ಅರ್ಧ ಗಂಟೆಗೊಮ್ಮೆ ಕೂರ್ತದೆ. ಇನ್ನೊಂದು ತಾಸಿನ ಮೇಲೆ ನಮಗೆ ಎಷ್ಟು ಕರೆಂಟು ಬೇಕು ಅಂತ ಈಗ್ಲೇ ಹೇಳಿ ಕೊಂಡ್ಕೊಳ್ಬೇಕು. ಹೇಳಿದಷ್ಟೇ ಬಳಸ್ಬೇಕು. ಜಾಸ್ತಿ ಆದ್ರೂ ತಪ್ಪು, ಕಮ್ಮಿ ಆದ್ರೂ ತಪ್ಪು. ಅವ್ರು ಕರೆಂಟನ್ನ ಕಟ್ಟಿಡೂಕೆ ಆಗೂದಿಲ್ಲ, ನಾವು ವಾಪಸ್ ಕೊಡೂಕೂ ಆಗೂದಿಲ್ಲ.”

ಇಷ್ಟೆಲ್ಲ ಉಸಾಬರಿ ಯಾತಕ್ಕೆ ಎಂದರೆ, ಮಧ್ಯಾಹ್ನದ ಹೊತ್ತು ಆ ಮಾರುಕಟ್ಟೆಯಲ್ಲಿ ಬಿಸಿಲಿನ ಕರೆಂಟು ಬೇಕಾದಷ್ಟು ಸಿಗುತ್ತದೆ. ಅದನ್ನು ತಂದರೆ ಪಂಪ್‌ಸೆಟ್ಟುಗಳಿಗೆ ಹಗಲಿನಲ್ಲೇ ತ್ರೀ ಫೇಸ್ ಕೊಡಬಹುದು. ಕರಾರಿನ ಕರೆಂಟಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಊರೆಲ್ಲ ಉಂಡು ಮಲಗಿದ ಮೇಲೆ ಉಳಿದಿದ್ದು ಪಂಪಿಗೆ ಹೋಗುತ್ತಿತ್ತು. ಹಾಗಾಗಿ ಗದ್ದೆಗೆ ನೀರು ಬಿಡುವವರು ಬ್ಯಾಟರಿ ಹಿಡಿದು ಕತ್ತಲಲ್ಲೇ ಹೋಗಬೇಕು. ಹಾಗೆ ಹೋಗುವವರಲ್ಲಿ ಪ್ರತಿಭಾ ಅವರ ತಾಯಿ ಹೊನ್ನಿಯೂ ಒಬ್ಬರು. ಮತ್ತಿಘಟ್ಟದ ಹತ್ತಿರ ಅವರದೊಂದು ತುಂಡು ಬಾಳೆ, ಶುಂಠಿಯ ಜಾಗವಿದೆ. ಗಂಡ ತೀರಿಕೊಂಡ ಮೇಲೆ ಅದನ್ನು ಅವರೊಬ್ಬರೇ ನೋಡಿಕೊಳ್ಳುತ್ತಾರೆ. ಹೋದ ಬೇಸಿಗೆಯಲ್ಲಿ ಪಂಪಿನ ಗುಡಿಸಲ ಹಿಂದೆ ಕಾಡುಕೋಣ ನಿಂತಿತ್ತಂತೆ.

“ಶಿರಸಿಗೆ ಬಂದಿರು ಅಂತ ಕರ್ದೆ. ಬಾಳೆಗೆ ನೀರು ಬಿಡೂರು ಯಾರು ಅಂತ ಅವ್ವ ನನಗೇ ಕೇಳ್ತು. ಕರೆಂಟಿನ ಆಫೀಸಲ್ಲಿ ಕೂತ ಮಗಳು ಎಂತ ಉತ್ರ ಕೊಡೂದು ಹೇಳಿ,” ಎನ್ನುತ್ತಾರೆ ಪ್ರತಿಭಾ. ಈ ಮಾತು ಹೇಳುವಾಗ ಮಾತ್ರ ಅವರ ಮುಖದಲ್ಲಿ ನಗುವಿರಲಿಲ್ಲ.

ಅವರು ಸಂಘಕ್ಕೆ ಸೇರಿದ್ದು ಪಿಯುಸಿ ಮುಗಿಸಿದ ಮೇಲೆ, ದೂರು ಕೇಳುವ ಫೋನಿಗೆ. ಸೇರಿದ ಮೊದಲ ಮಳೆಗಾಲದಲ್ಲೇ ಮೂರು ತಾಲ್ಲೂಕಿನ ಬೈಗುಳವೆಲ್ಲ ಬಾಯಿಪಾಠವಾಯಿತು ಎಂದು ನಗುತ್ತಾರೆ. “ಯಲ್ಲಾಪುರದ ಬದಿಯವ್ರು ಮೆತ್ತಗೆ ಬೈತಾರೆ, ಬನವಾಸಿ ಬದಿಯವ್ರು ‘ಏನ್ರೀ ಮೇಡಮ್’ ಅಂತ ಶುರು ಮಾಡ್ತಾರೆ. ದೊಡ್ಮನೆ ಬದಿಯವ್ರು ಬೈಯೂದೇ ಇಲ್ಲ, ಅರ್ಧ ಗಂಟೆ ಮಾತಾಡ್ತಾರೆ. ಬೈದಿದ್ದೇ ವಾಸಿ ಅನ್ನಿಸ್ತದೆ.” ಆ ಫೋನಿನಿಂದಲೇ ಅವರಿಗೆ ಹಳ್ಳಿ ಹಳ್ಳಿಯಲ್ಲೂ ಪರಿಚಯ. ಮಾರುಕಟ್ಟೆಯ ತಯಾರಿ ಶುರುವಾದಾಗ ಸಂಘ ಅವರನ್ನು ಪರದೆಯ ಮುಂದೆ ಕೂರಿಸಿತು. ನಾಳೆ ಯಾವ ಹೊತ್ತಿಗೆ ಎಷ್ಟು ಕರೆಂಟು ಬೇಕಾದೀತು ಎಂದು ಅಂದಾಜು ಕಟ್ಟುವುದು ಈಗ ಅವರ ಕೆಲಸ.

ಅಂದಾಜಿನ ಮುಕ್ಕಾಲು ಪಾಲನ್ನು ಪ್ರಥಮ ತಯಾರಿಸಿದ ಕಂಪ್ಯೂಟರ್ ಪ್ರೋಗ್ರಾಮ್ ಕಟ್ಟುತ್ತದೆ. ಉಳಿದಿದ್ದು ಪ್ರತಿಭಾ ಅವರದು. ಸಂಕಷ್ಟಿಯ ದಿನ ಚಂದ್ರ ಕಂಡ ಮೇಲೇ ಊಟ, ಹಾಗಾಗಿ ಸಂಜೆಯ ಅಡುಗೆ ತಡ ಎಂದು ಅವರು ಹೇಳಿ ಅದನ್ನು ಪ್ರೋಗ್ರಾಮಿಗೆ ಸೇರಿಸಿದ್ದಾರೆ. ಹಾಗೆಂದು ಪ್ರತಿ ಸಲ ಅವರೇ ಗೆಲ್ಲುತ್ತಾರೆ ಎಂದೇನಿಲ್ಲ. ಕ್ರಿಕೆಟ್ ಫೈನಲ್ಲಿನ ದಿನ ಮನೆ ಮನೆಯಲ್ಲಿ ಟಿವಿ, ಲೋಡ್ ಏರಿಯೇ ಏರುತ್ತದೆ ಎಂದು ಅವರು ಪಟ್ಟು ಹಿಡಿದರು. ಇಳಿಯುತ್ತದೆ ಎಂದಿತು ಪ್ರೋಗ್ರಾಮ್. ಜನ ಟಿವಿ ಮುಂದೆ ಕೂತರೆ ಗಿರಣಿ, ಅಡಿಕೆ ಸುಲಿಯುವ ಯಂತ್ರ ಎಲ್ಲ ನಿಲ್ಲುತ್ತವೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಪಣ ಕಟ್ಟಿದ್ದಂತೆ ಪ್ರಥಮ ಅವರಿಗೆ ಮಸಾಲೆ ದೋಸೆ ಕೊಡಿಸಿದ್ದಾಯಿತು.

ಮಾರುಕಟ್ಟೆಗೆ ಸೇರುವ ಮೊದಲು ಒಂದು ತಾಲೀಮು ನಡೆಯಬೇಕು. ಒಂದು ವಾರ ಪೂರ್ತಿ ಸಂಘ ಹೇಳಿದ ಅಂದಾಜಿಗೂ ಜನ ಬಳಸಿದ ಕರೆಂಟಿಗೂ ತಾಳೆಯಾಗಬೇಕು. ತಾಳೆಯಾದರೆ ಪ್ರವೇಶ, ಇಲ್ಲವಾದರೆ ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಹೊನ್ನಿಯವರಿಗೆ ಮತ್ತೊಂದು ಬೇಸಿಗೆ ಬ್ಯಾಟರಿಯೇ ಗತಿ. ಮೊದಲ ತಾಲೀಮು ಮಾಘ ಮಾಸದಲ್ಲಿತ್ತು. ಹಿಂದಿನ ವಾರ ಪ್ರತಿಭಾ ಫೋನಿಗೆ ಸಿಕ್ಕವರಿಗೆಲ್ಲ ಖುಷಿಯಿಂದ ಸುದ್ದಿ ಹೇಳಿದರು: ಸೋಮವಾರದಿಂದ ನಮ್ಮ ಸಂಘಕ್ಕೆ ಪರೀಕ್ಷೆ.

ಸೋಮವಾರ ಬೆಳಿಗ್ಗೆ ಚಟ್ನಿ ಏಳಲಿಲ್ಲ.

ಗಿರಣಿಯ ಹೊತ್ತಾದರೂ ಗೆರೆ ಮೇಲೆ ಹೋಗಲಿಲ್ಲ. ಎಲ್ಲೋ ಮರ ಬಿದ್ದು ತಂತಿ ಹರಿದಿರಬೇಕು ಎಂದು ಪ್ರಥಮ ಲೈನ್‌ಮನ್‌ಗಳನ್ನೆಲ್ಲ ಓಡಿಸಿದರು. ಸಿದ್ದಾಪುರದ ಕಡೆಯ ಲೈನ್‌ಮನ್ ಸುಭಾಷ ಕಾಡಿನೊಳಗೆ ಲೈನು ಹಿಡಿದೇ ನಡೆದು, ದೊಡ್ಮನೆ ತಲುಪಿ, ಅಲ್ಲಿಂದ ಫೋನ್ ಮಾಡಿದರು. “ಅಕ್ಕಾ, ತಂತಿ ಸಮಾ ಅದೆ. ಟ್ರಾನ್ಸ್‌ಫಾರ್ಮರೂ ಸಮಾ ಅದೆ. ಜನಾನೇ ಎಲ್ಲಾ ಆಫ್ ಮಾಡ್ಕಂಡು ಕೂತಾರೆ. ನನಗೆ ಕಷಾಯ ಕೊಟ್ರು. ಪರೀಕ್ಷೆ ಹೆಂಗೆ ನಡೀತದೆ ಅಂತ ಕೇಳ್ತಾ ಇದ್ರು.”

ಆಗಿದ್ದು ಇಷ್ಟೇ. ದೊಡ್ಮನೆಯ ನಾಗಪತಿ ಹೆಗಡೆಯವರಿಗೆ ಪ್ರತಿಭಾ ಎಂದರೆ ಬಲು ಅಭಿಮಾನ. ನಮ್ಮ ಹುಡುಗಿಗೆ ಪರೀಕ್ಷೆ, ನಾವು ಕೈಲಾದದ್ದು ಮಾಡಬೇಕು ಎಂದು ಅವರು ಹಾಲಿನ ಡೇರಿಯಲ್ಲಿ ಹೇಳಿದರು. ಕರೆಂಟಿನವರಿಗೆ ಉಪಕಾರ ಮಾಡುವುದೆಂದರೆ ಕಡಿಮೆ ಉರಿಸುವುದು ಎಂಬುದೊಂದೇ ಈ ಕಡೆಯ ಜನ ಕಂಡ ರೀತಿ. ಪ್ರತಿ ಬೇಸಿಗೆಯಲ್ಲೂ ಅದನ್ನೇ ಅಲ್ಲವೇ ನಮ್ಮಿಂದ ಕೇಳಿದ್ದು. ಸುದ್ದಿ ಡೇರಿಯಿಂದ ಸೊಸೈಟಿಗೆ, ಸೊಸೈಟಿಯಿಂದ ಊರೂರ ವಾಟ್ಸಾಪಿಗೆ ಹೋಯಿತು. ಬನವಾಸಿ ಕಡೆಯ ಅಕ್ಕಿ ಗಿರಣಿಯ ಶಿವಪುತ್ರಪ್ಪ ಬಾಗಿಲು ಹಾಕಿ, ಅದನ್ನು ತಿಳಿಸಲೆಂದೇ ಪ್ರತಿಭಾ ಅವರಿಗೆ ಫೋನ್ ಮಾಡಿದರು: “ನೀವೇನ್ ಚಿಂತಿ ಮಾಡಬ್ಯಾಡ್ರಿ ಮೇಡಮ್. ನಮ್ಮ ಕಡಿಂದ ಒಂದ್ ಯೂನಿಟ್ಟೂ ಖರ್ಚಾಗೂದಿಲ್ಲ.”

ನಾನು ನಾಗಪತಿ ಹೆಗಡೆಯವರ ಮನೆಗೂ ಹೋಗಿದ್ದೆ. ಅವರು ಆ ದಿನದ ಮಾತು ಬಂದರೆ ತಾಂಬೂಲದ ತಟ್ಟೆ ಎಳೆದುಕೊಂಡು ಬೇರೆ ಕಡೆ ನೋಡುತ್ತಾರೆ. ಅವರ ಹೆಂಡತಿ ಸೀತಾ ಬಿಡುವವರಲ್ಲ. “ಎರಡು ದಿನ ಆನು ಮಿಕ್ಸಿ ಹಾಕಿದ್ನಿಲ್ಲೆ. ಒರಳಲ್ಲೇ ರುಬ್ಬಿದ್ದು. ಇವ್ರು ಜಗಲಿ ಮೇಲೆ ಕೂತ್ಗಂಡು ಇನ್ನೊಂದು ಸಲ ಚಟ್ನಿ ಹಾಕು ಹೇಳಿ ಕೇಳಿದ್ದೇ ಕೇಳಿದ್ದು. ಆ ಹುಡುಗಿಯ ಫೇಲ್ ಮಾಡ್ಸಲೆ ನನ್ನ ರಟ್ಟೆ ಬಿದ್ದೋತು.”

ಎಲ್ಲರಿಗೂ ಫೋನ್ ಮಾಡಿ ಬಿಡಿಸಿ ಹೇಳುವಷ್ಟರಲ್ಲಿ, ಮಂಗಳವಾರ ಸಂಜೆಯೊಳಗೆ ತಾಲೀಮು ಕೆಟ್ಟಿತ್ತು. ಬೇಕೆಂದು ಹೇಳಿದಷ್ಟು ಕರೆಂಟು ಬಳಸುವವರಿಲ್ಲ. ಪ್ರತಿಭಾ ಆ ದಿನ ಕಂಟ್ರೋಲ್ ರೂಮಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಅತ್ತರಂತೆ. “ಸಿಟ್ಟು ಬಂದಿದ್ರೆ ಬೈಬಹುದಿತ್ತು. ಎಲ್ರೂ ನನ್ ಸಲುವಾಗೇ ಮಾಡಿದ್ದು. ಬೈಯೂದು ಯಾರಿಗೆ? ಪರೀಕ್ಷೆ ಪರೀಕ್ಷೆ ಅಂತ ಡಂಗುರ ಹೊಡ್ದೋಳು ನಾನೇ.” ಅವ್ವ ಮಾತ್ರ ಏನೂ ಬೇಜಾರು ಮಾಡಿಕೊಳ್ಳಲಿಲ್ಲ, ಬ್ಯಾಟರಿಗೆ ಹೊಸ ಸೆಲ್ ತಂದುಕೊಡು ಎಂದರಷ್ಟೇ. ಅದೇ ತನಗೆ ಹೆಚ್ಚು ಚುಚ್ಚಿತು ಎನ್ನುತ್ತಾರೆ ಪ್ರತಿಭಾ.

ಇನ್ನೊಂದು ತಾಲೀಮಿಗೆ ಹೆಚ್ಚು ದಿನವಿರಲಿಲ್ಲ. ದಿನಾ ಹೇಗಿರುತ್ತೀರೋ ಹಾಗೇ ಇರಿ ಎಂದು ಜನರಿಗೆ ತಿಳಿಸಿದರು. ಹಾಗೆ ಹೇಳಿಸಿಕೊಂಡವರು ಹಾಗಿರುವುದುಂಟೇ? ಫೋಟೋ ತೆಗೆಯುವವನು ಸಹಜವಾಗಿ ನಿಲ್ಲಿ ಎಂದಾಗ ನಾವು ನಿಂತ ಹಾಗಾಯಿತು. ಈಗ ಪಂಪು ಹಾಕಲೋ, ಆಮೇಲೆ ಹಾಕಲೋ ಎಂದು ಅಪ್ಪಣೆ ಕೇಳುವ ಫೋನುಗಳು ಬರತೊಡಗಿದವು. ನಾಳೆ ಅಡಿಕೆ ಸುಲಿಸುತ್ತೀರಾ ಎಂದು ಕೇಳಿದರೆ, ಇವಳಿಗೆ ಯಾವ ಉತ್ತರ ಬೇಕೋ ಎಂದು ಯೋಚಿಸಿ ಅದನ್ನೇ ಹೇಳುವ ದಾಕ್ಷಿಣ್ಯದ ಜನ. ಆ ಕಡೆಯಿಂದ ಬರುವ ಅಂಕಿಗಳೆಲ್ಲ ಬಾಯಿಮಾತಿನ ಉಪಚಾರ.

ಆಗ ಪ್ರತಿಭಾ ಕರೆಂಟಿನ ಸುದ್ದಿ ಎತ್ತುವುದನ್ನೇ ಬಿಟ್ಟರು. ದಿನಕ್ಕೆ ಮೂವತ್ತು ನಲವತ್ತು ಫೋನ್ ಈಗಲೂ ಮಾಡುತ್ತಾರೆ. ಕೇಳುವುದು ಮಾತ್ರ ಒಂದೇ: ನಾಳೆ ನಿಮ್ಮನೇಲಿ ಎಂತ ವಿಶೇಷ? ಅಳಿಯ ಬರುತ್ತಾನೆ ಎಂದರೆ ಹೋಳಿಗೆ, ಹೋಳಿಗೆ ಎಂದರೆ ಗ್ರೈಂಡರು. ಸುಲಿಯುವವರು ಬರುತ್ತಾರೆ ಎಂದರೆ ಯಂತ್ರ ಓಡುತ್ತದೆ. ಎಲ್ಲರೂ ಮದುವೆಗೆ ಹೊರಟಿದ್ದಾರೆ ಎಂದರೆ ಮನೆಯ ಲೋಡು ಹೋಗಿ ಕಲ್ಯಾಣಮಂಟಪದಲ್ಲಿ ಕೂರುತ್ತದೆ. ನಾನು ಕೂತಿದ್ದಾಗಲೇ ಒಬ್ಬ ಅಜ್ಜಿ ಸೊಸೆಯ ಸೀಮಂತದಿಂದ ಹಿಡಿದು ಎಮ್ಮೆಯ ಕಾಯಿಲೆಯವರೆಗೆ ಎಲ್ಲ ಹೇಳಿದರು. ಪ್ರತಿಭಾ ಎಲ್ಲದಕ್ಕೂ ಹೂಂಗುಟ್ಟಿ, ಕೊನೆಗೆ ಪ್ರಥಮ ಅವರ ಕಡೆ ತಿರುಗಿ, “ಸೋಂದೆ ಬದಿ ಹನ್ನೊಂದರ ಮೇಲೆ ಸ್ವಲ್ಪ ಏರ್ಸು,” ಎಂದರು.

ಎರಡನೆಯ ತಾಲೀಮಿನ ತಾರೀಖನ್ನು ಅವರು ಯಾರಿಗೂ ಹೇಳಲಿಲ್ಲ. ಗೊತ್ತಿದ್ದುದು ಕಂಟ್ರೋಲ್ ರೂಮಿನವರಿಗೆ ಮಾತ್ರ. ಸ್ವಂತ ತಾಯಿಗೂ ಗುಟ್ಟು. ಆರು ದಿನ ಗೆರೆ ಹೇಳಿದ ಹಾಗೆ ಕೇಳಿತು. ಏಳನೆಯ ದಿನ ಬೆಳಿಗ್ಗೆ ನಾಗಪತಿ ಹೆಗಡೆಯವರ ಫೋನು ಬಂತು. ಅವರಿಗೆ ಅದು ಹೇಗೋ ವಾಸನೆ ಹತ್ತಿತ್ತು.

“ತಂಗೀ, ಪರೀಕ್ಷೆ ಶುರುವಾಗಿದ್ಯಾ? ನನ್ನ ಹತ್ರ ಮುಚ್ಚಿಡೂದು ಬೇಡ. ಸುಲಿಯೂ ಯಂತ್ರ ಹಚ್ಚೂದಾ, ನಿಲ್ಸೂದಾ? ನೀ ಹೇಳಿದ ಹಾಗೆ.”

ಆ ದಿನ ದೊಡ್ಮನೆಯ ಕಡೆ ಯಂತ್ರಗಳು ಓಡುತ್ತವೆ ಎಂದು ಅಂದಾಜು ಆಗಲೇ ಹೋಗಿತ್ತು. ಹೆಗಡೆಯವರು ಡೇರಿಗೆ ಹೋಗಿ ಒಂದು ಮಾತು ಹೇಳಿದರೆ ಮತ್ತೆ ಮೂರು ತಾಲ್ಲೂಕು ಉಪವಾಸ ಕೂರುತ್ತದೆ. ಪ್ರಥಮ ಕುರ್ಚಿಯಿಂದ ಎದ್ದು ನಿಂತಿದ್ದರು. ಇಷ್ಟು ವರ್ಷ ಫೋನಿನಲ್ಲಿ ಯಾರಿಗೂ ಸುಳ್ಳು ಹೇಳದವರು ಪ್ರತಿಭಾ. ಲೈನು ಬರುವುದು ತಡವೆಂದರೆ ತಡವೆಂದೇ ಹೇಳಿ ಬೈಸಿಕೊಂಡವರು.

“ಯಾವ ಪರೀಕ್ಷೆ ಹೆಗಡೇರೇ? ಅದು ಮುಂದೆ ಹೋಯ್ತಲ್ಲ. ನೀವು ಅಡಿಕೆ ಸುಲ್ಸಿ, ಮಳೆ ಮೋಡ ಕಾಣ್ತದೆ,” ಎಂದರು. ಮೋಡವೂ ಇರಲಿಲ್ಲವಂತೆ.

ಯಂತ್ರ ಓಡಿತು. ತಾಲೀಮು ಗೆದ್ದಿತು. ಸುದ್ದಿ ತಿಳಿದಾಗ ಹೆಗಡೆಯವರು ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಕಬ್ಬಿನ ಹಾಲಿನ ಸಿಹಿತಿಂಡಿ ತೊಡದೇವು ಒಂದು ಡಬ್ಬಿ ಕಳಿಸಿಕೊಟ್ಟರು. ಅದು ರಾಜಿಯೋ ಅಭಿನಂದನೆಯೋ ಎಂದು ಅವರ ಮನೆಗೆ ಹೋದಾಗ ಹೆಗಡೆಯವರನ್ನೇ ಕೇಳಿದೆ. “ಎರಡೂ ಅಲ್ದ,” ಎಂದು ಒಳಗಿನಿಂದ ಸೀತಾ ಕೂಗಿ ಹೇಳಿದರು, “ಅದು ಆನು ಕಳ್ಸಿದ್ದು.” ಪ್ರತಿಭಾ ಚಂದಗುಳಿಗೆ ಹೋಗಿ, ಹರಕೆ ಹೊತ್ತವರೆಲ್ಲ ಗಂಟೆ ಕಟ್ಟುವ ಘಂಟೆ ಗಣಪತಿಗೆ ತಾವೂ ಒಂದು ಸಣ್ಣ ಗಂಟೆ ಕಟ್ಟಿ ಬಂದಿದ್ದಾರೆ. ಹರಕೆಯೂ ತೀರಿತು, ಸುಳ್ಳಿನ ತಪ್ಪುಗಾಣಿಕೆಯೂ ಆಯಿತು ಎಂದು ಅವರ ಲೆಕ್ಕ. ಒಂದೇ ಗಂಟೆಯಲ್ಲಿ ಎರಡನ್ನೂ ಮುಗಿಸಿದ್ದು ಸರಿಯೇ ಎಂದು ನಾನು ತಕರಾರು ತೆಗೆದೆ. ಗಣಪತಿ ನಮ್ಮ ಊರಿನವನೇ, ಹೊಂದಿಸಿಕೊಳ್ಳುತ್ತಾನೆ ಎಂದರು.

ಸಂಘ ಮಾರುಕಟ್ಟೆಗೆ ಸೇರುವುದು ಬರುವ ತಿಂಗಳು. ತಯಾರಿಗೆಂದು ಮತ್ತಿಘಟ್ಟದ ಕಡೆ ಈಗಾಗಲೇ ಹಗಲಿನಲ್ಲಿ ತ್ರೀ ಫೇಸ್ ಬಿಡುತ್ತಿದ್ದಾರೆ. ನಾವು ಹೋದಾಗ ನೆತ್ತಿಯ ಮೇಲೆ ಸೂರ್ಯ. ಹೊನ್ನಿ ಸೀರೆ ಮೇಲೆ ಕಟ್ಟಿಕೊಂಡು ಬಾಳೆಯ ಬುಡಕ್ಕೆ ನೀರು ತಿರುಗಿಸುತ್ತಿದ್ದರು. ಹೇಗಿದೆ ಈಗ ಎಂದು ಕೇಳಿದೆ. “ಬಿಸ್ಲು,” ಎಂದು ದೂರಿದರು. “ಬೆವ್ರು ಇಳೀತದೆ. ಆದ್ರೆ ಕಾಲಡಿ ಎಂತ ಅದೆ ಅಂತ ಕಾಣ್ತದಲ್ಲ ತಮ್ಮಾ.” ಅಷ್ಟು ಹೇಳಿ ಮತ್ತೆ ಗುದ್ದಲಿ ಎತ್ತಿಕೊಂಡರು.

ವಾಪಸ್ ಬರುವಾಗ ದಾರಿಯಲ್ಲಿ, ಇನ್ನೇನು ಆಸೆ ಎಂದು ಪ್ರತಿಭಾ ಅವರನ್ನು ಕೇಳಿದೆ. ಪ್ರಮೋಷನ್ನು, ಸನ್ಮಾನ ಏನಾದರೂ ಹೇಳಬಹುದು ಎಂದುಕೊಂಡಿದ್ದೆ. ಅವರು ಬೇರೆಯೇ ಮಾತು ತೆಗೆದರು.

“ಅಪ್ಪ ಹೋದ ಮೇಲೆ ದಿನಾ ರಾತ್ರಿ ಅವ್ವಂಗೆ ಫೋನ್ ಮಾಡ್ತಿದ್ದೆ, ಗದ್ದೆಯಿಂದ ಮನೆಗೆ ಬಂದ್ಯಾ ಅಂತ. ಬಂದೆ ಅಂದ್ಮೇಲೇ ನನಗೆ ನಿದ್ದೆ. ಹಗಲು ಕರೆಂಟು ಬಂದ್ರೂ ಆ ರೂಢಿ ಬಿಡ್ಲಿಲ್ಲ, ಮೊನ್ನೆ ಮಾಡ್ದೆ, ಎತ್ಲಿಲ್ಲ. ಮತ್ತೆ ಮಾಡ್ದೆ, ಎತ್ಲಿಲ್ಲ. ಅವ್ವನ ಪಕ್ಕದ ಮನೆಯವ್ರನ್ನ ಫೋನ್ ಮಾಡಿ ಎಬ್ಸಿ, ಹೋಗಿ ನೋಡಿ ಅಂದೆ. ಅವ್ರು ಹೋಗಿ ನೋಡ್ಕಂಡು ಬಂದು ನನಗೇ ಬೈದ್ರು. ನಿಮ್ಮವ್ವ ಊಟ ಮಾಡಿ ಆಗ್ಲೇ ಮಲಗ್ಯದೆ, ಗೊರಕೆ ರಸ್ತೆಗೆ ಕೇಳ್ತದೆ ಅಂದ್ರು.”