ಸಾಮಾನು ತರಲು ಹೊರಟ ಮಾದೇಶ

ಬಿಳಿಕೆರೆಯ ಸೈಕಲ್ ಶಾಪ್ ಮಾದೇಶ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದವನೇ ಗಾಳಿ ಹೊಡೆಯುವ ಪಂಪಿಗೆ ಊದುಬತ್ತಿ ಬೆಳಗಿ ಕೈ ಮುಗಿಯುತ್ತಿದ್ದ. ಹಿಂದಿನ ರಾತ್ರಿ ಎಷ್ಟೇ ಕುಡಿದಿರಲಿ, ಇದೊಂದು ತಪ್ಪಿದ್ದಿಲ್ಲ. ಒಮ್ಮೆ ಅಮಲು ಇಳಿಯದೆ ಪಕ್ಕದ ಹೋಟೆಲಿನ ಸೀಮೆಎಣ್ಣೆ ಸ್ಟೌವಿಗೆ ಪೂಜೆ ಮಾಡಿ ಬಂದಿದ್ದ. ಅದಕ್ಕೂ ಪಂಪು ಇದೆಯಲ್ಲ ಎಂದು ಊರಿನವರು ಅವನ ಪರವಾಗಿಯೇ ಮಾತಾಡಿದ್ದರು.

ಕುಡಿದರೆ ಅವನು ಜಗಳ ಆಡುವವನಲ್ಲ, ಬೀಳುವವನು. ಹಾಗಾಗಿ ಬಾಣಂತನಕ್ಕೆ ಬಂದಿದ್ದ ಮಗಳು ಪ್ರಮೀಳಾ ಒಂದು ಕಟ್ಟಳೆ ಮಾಡಿದ್ದಳು: ಸಂಜೆ ದೀಪ ಹಚ್ಚಿದ ಮೇಲೆ ಅಪ್ಪನ ಕೈಗೆ ಮಗು ಇಲ್ಲ. ಮಗುವೋ, ಹಗಲೆಲ್ಲ ನಿದ್ದೆ ಹೊಡೆದು ದೀಪ ಹಚ್ಚಿದ ಮೇಲೆಯೇ ಕಣ್ಣು ಬಿಡುತ್ತಿತ್ತು.

"ಇವತ್ತು ಕುಡ್ದಿಲ್ಲ ಕಣವ್ವ," ಎಂದು ಒಂದು ಸಂಜೆ ಮಾದೇಶ ಕೈ ಚಾಚಿದ.

"ಇವತ್ತಿಂದು ಗೊತ್ತಾಯ್ತು ಕಣಪ್ಪ. ನಾಳೆದು?"

ಮಾದೇಶ ಚಾಚಿದ ಕೈ ಹಿಂದಕ್ಕೆಳೆದುಕೊಂಡ. ಬಾಣಂತನ ಮುಗಿದರೆ ಮಗಳು ಹೊಸ ಅಗ್ರಹಾರದ ಗಂಡನ ಮನೆಗೆ ಹೊರಟೇಬಿಡುತ್ತಾಳೆ.

ಮಗುವಿಗೆ ಲಸಿಕೆ ಹಾಕಲು ಬಂದ ನರ್ಸಮ್ಮನನ್ನು ಅವನು ಗುಟ್ಟಾಗಿ ವಿಚಾರಿಸಿದ.

"ಹುಣಸೂರಲ್ಲಿ ಒಂದು ಸ್ಕೂಲಿನ ಹಿಂದಿನ ಕಟ್ಟಡದಲ್ಲಿ ಭಾನುವಾರ ಸಾಯಂಕಾಲ ಸೇರ್ತಾರೆ. ಕುಡಿತ ಬಿಟ್ಟವರು, ಬಿಡಬೇಕು ಅನ್ನೋರು. ಒಬ್ಬರ ಮಾತು ಒಬ್ಬರು ಕೇಳ್ತಾರೆ, ಅಷ್ಟೇ," ಎಂದರು ಅವರು.

"ಔಸ್ತಿ ಏನು ಕೊಡ್ತಾರಮ್ಮ?"

"ಟೀ."

ನರ್ಸಮ್ಮ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡ ಮಾದೇಶ. ಆದರೂ ಹೋಗಿ ನೋಡುವುದೆಂದು ತೀರ್ಮಾನಿಸಿದ. ಅವನು ಕುಡಿಯುವುದನ್ನು ಇಡೀ ಬಿಳಿಕೆರೆ ಕಂಡಿತ್ತು, ಅದಕ್ಕೆ ಅವನೆಂದೂ ನಾಚಿರಲಿಲ್ಲ. ಬಿಡುವುದನ್ನು ಯಾರಾದರೂ ನೋಡಿಬಿಟ್ಟರೆ ಎಂದು ಮಾತ್ರ ಬೆವರು ಬಂತು. ಹಾಗಾಗಿ, ಸೈಕಲ್ ಸಾಮಾನು ತರಲು ಹುಣಸೂರಿಗೆ ಹೊರಟೆ ಎಂದು ಎಲ್ಲರಿಗೂ ಹೇಳಿದ.

ಹೇಳಿದ್ದೇ ತಪ್ಪಾಯಿತು. ಪಕ್ಕದ ಮನೆಯ ಶಿವರುದ್ರಮ್ಮ ಮುರಿದ ಕೊಡೆ ತಂದು ಕೈಗಿತ್ತಳು. "ಎಂಗೂ ಓಯ್ತಿದ್ದೀಯಲ್ಲ, ಇದಕ್ಕೊಂದು ಕಡ್ಡಿ ಆಕುಸ್ಕಂಡು ಬಾರಪ್ಪ." ಹೆಂಡತಿ ಬಸವಮ್ಮ ಬಾಣಂತಿಗೆ ಹಿಪ್ಪಲಿ, ಒಣಶುಂಠಿ ಬೇಕೆಂದಳು. ಹೋಟೆಲಿನವನಿಗೆ ಟೀ ಸೋಸುವ ಬಟ್ಟೆ ಬೇಕಿತ್ತು.

ಕೊಡೆ ರಿಪೇರಿಯವನು ಊಟಕ್ಕೆ ಹೋದವನು ಬರಲು ಬಹಳ ಹೊತ್ತಾಯಿತು. ಕಾದು ಕಾದು ಕಡ್ಡಿ ಹಾಕಿಸಿಕೊಂಡು, ಉಳಿದ ಕೆಲಸವೆಲ್ಲ ಮುಗಿಸಿ ಮಾದೇಶ ಆ ಶಾಲೆ ಮುಟ್ಟುವಷ್ಟರಲ್ಲಿ ಗೇಟಿಗೆ ಬೀಗ ಬಿದ್ದಿತ್ತು. ಬಸ್‌ಸ್ಟ್ಯಾಂಡಿಗೆ ಬರುವಾಗ ಬ್ರಾಂದಿ ಅಂಗಡಿಯ ಮುಂದೆ ಕಾಲು ತಾವಾಗಿಯೇ ನಿಂತವು. ಇಷ್ಟು ಓಡಾಡಿದ್ದಕ್ಕೆ ಒಂದೇ ಒಂದು ಎಂದಿತು ಮನಸ್ಸು. ಆದರೆ ಕೈಯಲ್ಲಿ ಕೊಡೆ ಇತ್ತು. ಕುಡಿದು ಅದನ್ನು ಎಲ್ಲಾದರೂ ಬಿಟ್ಟರೆ ಶಿವರುದ್ರಮ್ಮನ ಬಾಯಿಗೆ ಸಿಕ್ಕಿ ಬದುಕುವುದುಂಟೆ? ಓಡಿ ಬಸ್ಸು ಹತ್ತಿದ.

ಹೇಳಿದ್ದೆಲ್ಲ ಸರಿಯಾಗಿ ತಂದ ಮಾದೇಶನ ಮೇಲೆ ಊರಿಗೆ ಎಲ್ಲಿಲ್ಲದ ನಂಬಿಕೆ ಹುಟ್ಟಿತು. ಮುಂದಿನ ಭಾನುವಾರ ಅವನ ಚೀಲ ಇನ್ನೂ ದೊಡ್ಡದಾಯಿತು. ಅವನೂ ಈ ಸಲ ಹುಷಾರಾಗಿ ಬೆಳಗಿನ ಬಸ್ಸಿಗೇ ಹೊರಟು ಎಲ್ಲವನ್ನೂ ಕೊಂಡು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಬಕೀಟು, ಕಂಕುಳಲ್ಲಿ ಎರಡು ಪೊರಕೆ ಹಿಡಿದು ಶಾಲೆಯ ಹಿಂದಕ್ಕೆ ಬಂದ. ಅಲ್ಲಿ ಸಾಲಾಗಿ ಬಾಗಿಲುಗಳು. ಯಾವುದೆಂದು ಯಾರನ್ನು ಕೇಳುವುದು, ಏನೆಂದು ಕೇಳುವುದು?

ಒಂದು ಬಾಗಿಲ ಹೊರಗೆ ಹೊಸ ಮೊರ, ಹಗ್ಗದ ಸುರುಳಿ, ಗೊಬ್ಬರದ ಚೀಲ, ಕಾಲು ಕಟ್ಟಿದ ಕೋಳಿ ಇದ್ದವು. ಮಾದೇಶ ದಿಟ್ಟಿಸಿ ನಿಂತ. ಒಳಗಿನಿಂದ ಒಬ್ಬ ಹಿರಿಯ ಇಣುಕಿದ.

"ಚೀಲ ಅಲ್ಲೇ ಮಡಗಿ ಬಾರಣ್ಣ. ಇಲ್ಲಿ ಎಲ್ರೂ ಸಾಮಾನು ತರಕ್ಕೇ ಬಂದವ್ರೆ. ಕೋಳಿ ನಂದು. ವಾರ ವಾರ ತಕಂಡೋಗಿ ಮನೆ ತುಂಬ ಕೋಳಿ ಆಗವೆ."

ಒಳಗೆ ಆ ಹಿರಿಯನೇ ಮೊದಲು ಎದ್ದು ನಿಂತ. "ನಾನು ಅನಗೋಡಿನ ಮಹದೇವಯ್ಯ. ಕುಡುಕ. ಇವತ್ತು ಕುಡ್ದಿಲ್ಲ."

ಮಗಳಿಗೆ ತಾನು ಹೇಳಿದ ಅದೇ ಮಾತು. ಆದರೆ ಇಲ್ಲಿ ಯಾರೂ ನಾಳೆದು ಕೇಳಲಿಲ್ಲ, ತಲೆಯಾಡಿಸಿದರು. ತನ್ನ ಸರದಿ ಬಂದಾಗ ಮಾದೇಶ ಮಗುವಿನ ಕತೆ ಹೇಳಿದ. ಒಬ್ಬರೂ ಬುದ್ಧಿ ಹೇಳಲಿಲ್ಲ. ಆಮೇಲೆ ನಿಜಕ್ಕೂ ಟೀ ಬಂತು.

"ನಾಳೆದು ಅಂತ ಮಗಳು ಕೇಳುದ್ರೆ ಏನು ಏಳನಣ್ಣ?" ಎಂದು ಅವನು ಮಹದೇವಯ್ಯನನ್ನು ಕೇಳಿದ.

"ಮುಂದಿನ್ ಭಾನ್ವಾರ ಮೀಟಿಂಗಿಗೆ ಓಯ್ತೀನಿ ಅನ್ನು. ನಮ್ಗೂ ಗೊತ್ತಿರದು ಅಷ್ಟೇಯ."

ಮರುದಿನ ಸಂಜೆ, ಅಂಗಡಿಯ ಹಿಂದಿನ ಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಪ್ರಮೀಳಾ ಅಂಗಡಿ ಬಾಗಿಲಿಗೆ ಬಂದು ನಿಂತಿದ್ದಳು. ದಿನಸಿ ಅಂಗಡಿಯ ಚನ್ನಬಸವಣ್ಣ ಲೂನಾಗೆ ಗಾಳಿ ಹೊಡೆಸುತ್ತಾ ಹೇಳಿದ:

"ನೀನ್ಯಾಕ್ಲಾ ಮಾದೇಶ, ವಾರ ವಾರ ಬಸ್ಸಲ್ಲಿ ನುಗ್ಗಾಡ್ಕಂಡು ಓಯ್ತೀಯೆ? ಭಾನ್ವಾರ ನಾನು ಎಂಗೂ ಉಣ್ಸೂರ್ಗೆ ಓಗೋನೆ. ಏನ್ ಬೇಕು ಏಳು, ನಾನೇ ತತ್ತೀನಿ."

ಮಾದೇಶ ಪಂಪಿನ ಹಿಡಿ ಬಿಡಲಿಲ್ಲ. "ಬ್ಯಾಡ ಕಣಣ್ಣ. ನಾನು ಓಗದು ಸಾಮಾನಿಗಲ್ಲ. ಕುಡಿತ ಬುಟ್ಟೋರು ಸೇರೋ ಮೀಟಿಂಗಿಗೆ. ಮುಂದಿನ್ ಭಾನ್ವಾರನೂ ಓಯ್ತೀನಿ. ಅದ ನೀನು ತಂದುಕೊಡಕ್ಕಾಗಕಿಲ್ಲ."

ಚನ್ನಬಸವಣ್ಣ ಬಗ್ಗಿ ಲೂನಾದ ಟೈರು ಒತ್ತಿ ನೋಡಿದ. ಪ್ರಮೀಳಾ ಮೆಟ್ಟಿಲಿಳಿದು ಬಂದಳು. ಅಪ್ಪನ ಕೈಗಂಟಿದ್ದ ಗ್ರೀಸನ್ನು ತನ್ನ ಸೆರಗಿನಿಂದ ಒರೆಸಿ, ಮಗುವನ್ನು ಅವನ ಕೈಗಿಟ್ಟಳು. ಮಗು ಅಳು ನಿಲ್ಲಿಸಿ ಅವನ ಮೀಸೆ ನೋಡಿತು.

"ಅಂಗಾದ್ರೆ ಮಗೀನ ಒಸಿ ಇತ್ತಾಗೆ ಕೊಡು," ಎಂದ ಚನ್ನಬಸವಣ್ಣ ಕೊನೆಗೆ. "ನಾನು ಎತ್ಕಂಡಿರ್ತೀನಿ, ನೀನು ಅಂಗ್ಡಿ ಬಾಗ್ಲಾಕು."

"ಬ್ಯಾಡ ಬುಡಣ್ಣ," ಎಂದ ಮಾದೇಶ. "ಅಂಗ್ಡಿ ತೆಗ್ದೇ ಇರ್ಲಿ."